ದೀಪ ಇದೆ, ಊರಿಲ್ಲ

ಈ ಸಲದ ಪಾಡ್‌ಕಾಸ್ಟ್ ಕೇಳಿದವರಿಗೆ ಈ ಕಥೆಯ ಅರ್ಧ ಭಾಗ ಗೊತ್ತಿರುತ್ತೆ. ಕೇಳದೆ ನೇರವಾಗಿ ಇಲ್ಲಿಗೇ ಬಂದಿದ್ರೆ ಪರವಾಗಿಲ್ಲ, ಮೊದಲಿಂದ ಹೇಳ್ತೀನಿ. ಕನ್ನಡ ಈಗ ಕಲೀತಿರೋರಿಗೆ ಒಂದು ಮಾತು: ಕಂದಾಯ ಇಲಾಖೆಯ ಕೆಲವು ಹಳೇ ಪದಗಳು ಬರುತ್ತವೆ. ಹೆದರಬೇಡಿ, ಅಲ್ಲಲ್ಲೇ ಬಿಡಿಸಿ ಹೇಳಿದ್ದೀನಿ.

ಕೆಲವು ವರ್ಷಗಳ ಹಿಂದೆ ಆಫೀಸಿನಲ್ಲಿ ನನಗೊಂದು ಕೆಲಸ ಬಂತು. ಸಾವಿರಾರು ವಿಳಾಸಗಳಿದ್ದ ಒಂದು ಟೇಬಲ್, ಹೆಚ್ಚಿನವು ಪೀಲ್ ಪ್ರದೇಶದವು. ನಗರ ಅನ್ನೋ ಕಾಲಂನಲ್ಲಿ ಜನ ತಮಗೆ ತೋಚಿದ್ದನ್ನು ಬರೆದಿದ್ದರು. ಮಿಸಿಸಾಗ ಅಂತ ಬರೆಯಬೇಕಾದ ಕಡೆ ಮಾಲ್ಟನ್, ಸ್ಟ್ರೀಟ್ಸ್‌ವಿಲ್, ಪೋರ್ಟ್ ಕ್ರೆಡಿಟ್, ಕುಕ್ಸ್‌ವಿಲ್ ಅಂತೆಲ್ಲ ಇತ್ತು. ನಾನು ನಾಲ್ಕು ಸಾಲಿನ ಕೋಡ್ ಬರೆದೆ. ಇವುಗಳಲ್ಲಿ ಯಾವುದೇ ಹೆಸರು ಬಂದರೂ ಮಿಸಿಸಾಗ ಅಂತ ಬದಲಾಯಿಸು. ಒಂದು ಸೆಕೆಂಡ್ ಕೂಡ ಹಿಡಿಯಲಿಲ್ಲ. ಟೇಬಲ್ ಚೊಕ್ಕಟವಾಯಿತು, ನಾನು ಕಾಫಿ ಕುಡಿಯಲು ಹೋದೆ.

ಅದೇ ವಾರ ಅಪ್ಪ ಬೆಂಗಳೂರಿನಿಂದ ಫೋನ್ ಮಾಡಿದರು. ಅಜ್ಜಿ ಮನೆಯ ಕಾಗದಪತ್ರ ಸರಿಮಾಡಿಸೋಕೆ ಓಡಾಡ್ತಿದ್ದರು. ಅಜ್ಜಿಯ ಊರು ವರ್ತೂರು ಹೋಬಳಿಯ ಒಂದು ಹಳ್ಳಿ. ಹೋಬಳಿ ಅಂದ್ರೆ ತಾಲ್ಲೂಕಿಗಿಂತ ಚಿಕ್ಕದು, ಒಂದಷ್ಟು ಹಳ್ಳಿಗಳ ಗುಂಪು. ಅಪ್ಪ ಹೇಳಿದರು: "ವಿಳಾಸದಲ್ಲಿ ಊರಿನ ಹೆಸರೇ ಬಂದಿಲ್ಲ ಕಣೋ. ವಾರ್ಡು, ಪಿನ್‌ಕೋಡು, ಬೆಂಗಳೂರು, ಅಷ್ಟೇ. ಬೇಚರಾಕ್ ಊರಿಗಾದ್ರೂ ರೆಕಾರ್ಡಲ್ಲಿ ಒಂದು ಹೆಸರಿರುತ್ತಪ್ಪ."

ಬೇಚರಾಕ್ ಪದ ನಾನು ಕೇಳಿದ್ದು ಅದೇ ಮೊದಲು. ನೀವು? ಇದು ಪಾರ್ಸಿ ಭಾಷೆಯಿಂದ ಬಂದದ್ದು. ಬೇ ಅಂದರೆ ಇಲ್ಲದ, ಚಿರಾಗ್ ಅಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು. ಬರ, ಪ್ಲೇಗು, ಮತ್ತೇನೋ ಕಾರಣಕ್ಕೆ ಜನ ಬಿಟ್ಟುಹೋದ ಹಳ್ಳಿಗಳಿಗೆ ನಮ್ಮ ಕಂದಾಯ ದಾಖಲೆಗಳು ಇಟ್ಟಿರೋ ಹೆಸರು ಬೇಚರಾಕ್ ಗ್ರಾಮ. ಮನೆಗಳಿಲ್ಲ, ಜನರಿಲ್ಲ. ಆದರೆ ಊರಿನ ಹೆಸರಿದೆ, ಗಡಿ ಇದೆ, ನಕ್ಷೆ ಇದೆ, ಸರ್ವೆ ನಂಬರುಗಳಿವೆ. 2011ರ ಜನಗಣತಿ ಕರ್ನಾಟಕದಲ್ಲಿ 29,340 ಹಳ್ಳಿಗಳನ್ನು ಎಣಿಸಿತು. ಅದರಲ್ಲಿ ಸುಮಾರು ಎರಡು ಸಾವಿರ ಹಳ್ಳಿಗಳಲ್ಲಿ ಒಬ್ಬ ಮನುಷ್ಯನೂ ವಾಸವಿರಲಿಲ್ಲ!

ಅಜ್ಜಿಯ ಊರು ಇದಕ್ಕೆ ಉಲ್ಟಾ. ಅಲ್ಲಿ ಈಗ ದೀಪಗಳಿಗೇನೂ ಕಮ್ಮಿಯಿಲ್ಲ, ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟ್‌ಗಳಿವೆ. ವಿಳಾಸದಲ್ಲಿ ಊರಿಲ್ಲ. ಮಾಲ್ಟನ್ ಕಥೆಯೂ ಅದೇ ಅಲ್ವಾ ಅಂತ ನನಗೆ ಆಮೇಲೆ ಹೊಳೆಯಿತು. ಅಲ್ಲಿ ಊರನ್ನು ಅಳಿಸಿದ ನಾಲ್ಕು ಸಾಲು ನಾನೇ ಬರೆದದ್ದು.

ಹೆಸರು ಹೋದರೆ ಏನಂತೆ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಹೆಸರಿನ ಜೊತೆ ಇನ್ನೇನು ಹೋಗುತ್ತೆ ಅನ್ನೋದನ್ನು ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೀನಿ.

ಸರಪಳಿ ಹಿಡಿದು ಬಂದವರು

ನೀವು ಮಿಸಿಸಾಗದಲ್ಲಿ ಇರೋರಾದರೆ ನಿಮ್ಮ ಮನೆ ಇರುವ ನೆಲದ ದಾಖಲೆ ಒಂದು ಒಪ್ಪಂದದಿಂದ ಶುರುವಾಗುತ್ತೆ. ಕ್ರೆಡಿಟ್ ನದಿಯ ಸುತ್ತಮುತ್ತ ಬದುಕಿದ್ದವರು ಮಿಸಿಸಾಗ ಜನ, ಅನಿಷಿನಾಬೆ ಸಮುದಾಯದ ಒಂದು ಕವಲು. 1805-06ರಲ್ಲಿ ಸರೋವರದ ಅಂಚಿನ ಜಮೀನು ಬ್ರಿಟಿಷರ ಕೈಗೆ ಹೋಯಿತು. 1818ರಲ್ಲಿ ಅಜೆಟಾನ್ಸ್ ಎಂಬ ಮುಖ್ಯಸ್ಥರ ಕಾಲದ ಒಪ್ಪಂದದಲ್ಲಿ ಅದರ ಉತ್ತರಕ್ಕೆ 6,48,000 ಎಕರೆ ಹೋಯಿತು. ಬದಲಿಗೆ ಸಿಕ್ಕಿದ್ದು ವರ್ಷಕ್ಕೆ 522 ಪೌಂಡು 10 ಶಿಲಿಂಗ್ ಬೆಲೆಯ ಸಾಮಾನು. 1847ರಲ್ಲಿ ಆ ಜನ ಕ್ರೆಡಿಟ್ ನದಿಯ ದಡ ಬಿಟ್ಟು ಹೇಗರ್ಸ್‌ವಿಲ್ ಹತ್ತಿರಕ್ಕೆ ಹೋದರು. ಅವರು ಹೋಗಿ ನೂರು ವರ್ಷಕ್ಕೂ ಹೆಚ್ಚು ಕಾಲವಾದ ಮೇಲೆ ಅವರ ಹೆಸರನ್ನು ಊರಿಗೆ ಇಟ್ಟರು. ನಾವು ಇವತ್ತು ಬರೆಯೋ ವಿಳಾಸದ ಹಿಂದೆ ಮೊದಲೇ ಅಳಿಸಿದ ಒಂದು ಪದರ ಇದೆ ಅನ್ನೋದನ್ನು ಮರೆಯೋ ಹಾಗಿಲ್ಲ.

ಒಪ್ಪಂದ ಮುಗಿಯುತ್ತಿದ್ದಂತೆ ಸರ್ವೆಯವರು ಬಂದರು. 1806ರಲ್ಲಿ ಡಂಡಾಸ್ ರಸ್ತೆಯನ್ನು ಆಧಾರವಾಗಿಟ್ಟುಕೊಂಡು ದಕ್ಷಿಣ ಭಾಗ ಅಳೆದರು, 1819ರಲ್ಲಿ ಉತ್ತರ ಭಾಗ. ಎರಡನೇ ಅಳತೆಗೆ ಹಣ ಹಾಕಿದವರಲ್ಲಿ ಟಿಮೊಥಿ ಸ್ಟ್ರೀಟ್ ಒಬ್ಬ. ಅವನಿಗೆ ಸಂಬಳದ ಬದಲು ಜಮೀನು ಸಿಕ್ಕಿತು. ಸ್ಟ್ರೀಟ್ಸ್‌ವಿಲ್ ಅನ್ನೋ ಹೆಸರಿನಲ್ಲಿರೋದು ಬೀದಿ ಅಲ್ಲ, ಈ ಮನುಷ್ಯ.

ಇಲ್ಲಿ ಸರ್ವೆ ಮಾಡಿದ್ದು 66 ಅಡಿ ಉದ್ದದ ಸರಪಳಿಯಲ್ಲಿ. ನಮ್ಮ ಮೈಸೂರು ಸೀಮೆಯಲ್ಲಿ ಬಳಸಿದ್ದು ಅದರ ಅರ್ಧ, 33 ಅಡಿಯ ಸರಪಳಿ. 33 ಅಡಿ ಉದ್ದ, 33 ಅಡಿ ಅಗಲ ಇದ್ದರೆ ಒಂದು ಗುಂಟೆ, ಅಂದರೆ 1,089 ಚದರ ಅಡಿ. ನಲವತ್ತು ಗುಂಟೆಗೆ ಒಂದು ಎಕರೆ, 43,560 ಚದರ ಅಡಿ. ಅಜ್ಜಿಯ ರಾಗಿ ಹೊಲದ ಎಕರೆಯೂ ಸ್ಟ್ರೀಟ್ಸ್‌ವಿಲ್‌ನ ಗೋಧಿ ಹೊಲದ ಎಕರೆಯೂ ಒಂದೇ ಅಳತೆ. ಒಂದೇ ಸಾಮ್ರಾಜ್ಯ, ಒಂದೇ ಲೆಕ್ಕ.

ಹೀಗೆ ಅಳೆದ ದೊಡ್ಡ ಚೌಕಕ್ಕೆ ಟೌನ್‌ಶಿಪ್ ಅಂತ ಹೆಸರು. ಇಂದಿನ ಮಿಸಿಸಾಗ ಆಗ ಟೊರೊಂಟೊ ಟೌನ್‌ಶಿಪ್. ಟೊರೊಂಟೊ ನಗರಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಅದರ ಪಕ್ಕದಲ್ಲಿ, ಇಂದಿನ ಬ್ರಾಂಪ್ಟನ್ ಇರುವ ಕಡೆ, ಚಿಂಗ್ವಾಕೂಸಿ ಟೌನ್‌ಶಿಪ್ ಇತ್ತು. ಈ ಚೌಕಗಳೊಳಗೆ ಗಿರಣಿ ಇದ್ದ ಕಡೆ, ಎರಡು ರಸ್ತೆ ಕೂಡುವ ಕಡೆ, ರೈಲು ನಿಲ್ಲುವ ಕಡೆ ಒಂದೊಂದು ಹಳ್ಳಿ ಹುಟ್ಟಿತು. ಡಂಡಾಸ್ ಮತ್ತು ಹುರಾಂಟೇರಿಯೊ ಕೂಡುವಲ್ಲಿ ಕುಕ್ಸ್‌ವಿಲ್, ನದಿ ಸರೋವರ ಸೇರುವಲ್ಲಿ ಪೋರ್ಟ್ ಕ್ರೆಡಿಟ್. ಕ್ಲಾರ್ಕ್‌ಸನ್, ಡಿಕ್ಸಿ, ಎರಿಂಡೇಲ್, ಮೆಡೋವೇಲ್ ಎಲ್ಲ ಹೀಗೆ ಬೆಳೆದವೇ.

ಗೋ ಟ್ರೈನಿನಲ್ಲಿ ಓಡಾಡುವವರು ಒಮ್ಮೆ ಯೋಚಿಸಿ ನೋಡಿ. ಮಿಸಿಸಾಗದೊಳಗಿನ ನಿಲ್ದಾಣಗಳ ಹೆಸರುಗಳೇನು? ಪೋರ್ಟ್ ಕ್ರೆಡಿಟ್, ಕ್ಲಾರ್ಕ್‌ಸನ್, ಡಿಕ್ಸಿ, ಕುಕ್ಸ್‌ವಿಲ್, ಎರಿಂಡೇಲ್, ಸ್ಟ್ರೀಟ್ಸ್‌ವಿಲ್, ಮೆಡೋವೇಲ್, ಲಿಸ್ಗರ್, ಮಾಲ್ಟನ್. ಮಿಸಿಸಾಗ ಅನ್ನೋ ನಿಲ್ದಾಣ ಒಂದೂ ಇಲ್ಲ. ನಾನು ಟೇಬಲ್‌ನಿಂದ ಅಳಿಸಿದ ಹೆಸರುಗಳನ್ನು ರೈಲಿನ ಮೈಕು ದಿನಾ ಬೆಳಿಗ್ಗೆ ಕೂಗಿ ಹೇಳ್ತಾನೇ ಇತ್ತು.

ಕೂಗಿದರೆ ಕೇಳುವಷ್ಟು ದೂರದ ಸರ್ಕಾರ

ಮೊದಮೊದಲು ಈ ಟೌನ್‌ಶಿಪ್‌ಗಳಿಗೆ ಸ್ವಂತ ಆಡಳಿತ ಇರಲಿಲ್ಲ. ಗವರ್ನರ್ ನೇಮಿಸಿದ ಮ್ಯಾಜಿಸ್ಟ್ರೇಟರು ದೂರದಲ್ಲಿ ಕೂತು ರಸ್ತೆ, ಸೇತುವೆ, ತೆರಿಗೆ ನಿರ್ಧರಿಸುತ್ತಿದ್ದರು. 1849ರಲ್ಲಿ ರಾಬರ್ಟ್ ಬಾಲ್ಡ್‌ವಿನ್ ತಂದ ಮುನಿಸಿಪಲ್ ಕಾಯ್ದೆ ಅದನ್ನು ಬದಲಿಸಿತು. 1850ರಿಂದ ಪ್ರತಿ ಟೌನ್‌ಶಿಪ್ಪೂ ಕೌನ್ಸಿಲ್ ಆರಿಸಿಕೊಳ್ಳಬಹುದಾಗಿತ್ತು. ಕೌನ್ಸಿಲ್‌ನ ಮುಖ್ಯಸ್ಥನಿಗೆ ರೀವ್ ಅನ್ನುತ್ತಿದ್ದರು. ನಮ್ಮ ಪಂಚಾಯ್ತಿ ಅಧ್ಯಕ್ಷರು ಇದ್ದ ಹಾಗೆ ಅಂದುಕೊಳ್ಳಿ. ಮತ ಇದ್ದದ್ದು ಆಸ್ತಿ ಇದ್ದ ಗಂಡಸರಿಗೆ ಮಾತ್ರ. ಅದನ್ನು ಒಪ್ಪಿಕೊಂಡೇ ಮುಂದೆ ಹೋಗೋಣ.

ರೀವ್ ಏನು ಮಾಡುತ್ತಿದ್ದ? ದೊಡ್ಡದೇನೂ ಇಲ್ಲ. ಚರಂಡಿ, ಬೇಲಿ, ಕಳೆ, ಬೀದಿಗೆ ನುಗ್ಗಿದ ಹಂದಿ, ಹಳ್ಳ ಬಿದ್ದ ರಸ್ತೆ. ಜಮೀನು ಇದ್ದವರು ವರ್ಷಕ್ಕೆ ಇಂತಿಷ್ಟು ದಿನ ಬಿಟ್ಟಿಯಾಗಿ ರಸ್ತೆ ಕೆಲಸ ಮಾಡಬೇಕೆಂಬ ನಿಯಮವೂ ಇತ್ತು. ರೀವ್‌ನ ಮನೆ ಅದೇ ರಸ್ತೆಯಲ್ಲಿ. ಹಳ್ಳ ಮುಚ್ಚದಿದ್ದರೆ ಅವನ ಗಾಡಿಯ ಗಾಲಿಯೂ ಮುರಿಯುತ್ತೆ.

ಹಳ್ಳಿ ಬೆಳೆದರೆ ಟೌನ್‌ಶಿಪ್‌ನಿಂದ ಬೇರೆಯಾಗಿ ತನ್ನದೇ ಕೌನ್ಸಿಲ್ ಮಾಡಿಕೊಳ್ಳಬಹುದಿತ್ತು. ಸ್ಟ್ರೀಟ್ಸ್‌ವಿಲ್ 1858ರಲ್ಲಿ ಹಾಗೆ ಗ್ರಾಮವಾಯಿತು, 1962ರಲ್ಲಿ ಪಟ್ಟಣವಾಯಿತು. ಪೋರ್ಟ್ ಕ್ರೆಡಿಟ್ 1914ರಲ್ಲಿ ಗ್ರಾಮ, 1961ರಲ್ಲಿ ಪಟ್ಟಣ. ಮಾಲ್ಟನ್‌ಗೆ ಆ ಅದೃಷ್ಟ ಬರಲಿಲ್ಲ. 1937ರಲ್ಲಿ ಅದರ ಪಕ್ಕದ ಹೊಲಗಳನ್ನು ವಿಮಾನ ನಿಲ್ದಾಣಕ್ಕಾಗಿ ಕೊಂಡರು. ನಾವೆಲ್ಲ ಎರಡು ಸೂಟ್‌ಕೇಸ್ ಹಿಡಿದು ಇಳಿದ ಪಿಯರ್ಸನ್ ಅದೇ. ನಿಲ್ದಾಣ ಬೆಳೆದಂತೆ ಎಲ್ಮ್‌ಬ್ಯಾಂಕ್ ಅನ್ನೋ ಇನ್ನೊಂದು ಹಳ್ಳಿ ಪೂರ್ತಿ ಮಾಯವಾಯಿತು. ಕೊನೆಗೆ ಉಳಿದದ್ದು ಅದರ ಸ್ಮಶಾನ. 2001ರಲ್ಲಿ ಆ ಗೋರಿಗಳನ್ನೂ ಅಗೆದು ಬೇರೆ ಕಡೆ ಹೂಳಿದರು. ಮೊದಲ ಸಲ ನಾನು ಕೆನಡಾದ ನೆಲಕ್ಕೆ ಕಾಲಿಟ್ಟದ್ದು ಇಂಥ ಒಂದು ಊರಿನ ಪಕ್ಕದಲ್ಲಿ. ನನಗೆ ಗೊತ್ತೇ ಇರಲಿಲ್ಲ, ನಾನಾಗ ಟ್ಯಾಕ್ಸಿ ಹುಡುಕ್ತಿದ್ದೆ.

ಇನ್ನೊಂದು ಸ್ಮಶಾನ ಮಾತ್ರ ಇವತ್ತಿಗೂ ಇದ್ದಲ್ಲೇ ಇದೆ. 401 ಮತ್ತು 427 ಹೆದ್ದಾರಿಗಳು ಹೆಣೆದುಕೊಳ್ಳುವ ಜಾಗದಲ್ಲಿ, ಸುತ್ತ ರಸ್ತೆಗಳ ನಡುವೆ ಒಂದು ಪುಟ್ಟ ಹಸಿರು ತುಂಡು ಕಾಣುತ್ತೆ. ಅದು ರಿಚ್‌ವ್ಯೂ ಅನ್ನೋ ಹಳ್ಳಿಯ ಸ್ಮಶಾನ. ಹಳ್ಳಿ ಹೋಯಿತು, ಚರ್ಚ್ ಹೋಯಿತು. ಮುಂದಿನ ಸಲ ಏರ್‌ಪೋರ್ಟ್‌ನಿಂದ ಯಾರನ್ನಾದರೂ ಕರ್ಕೊಂಡು ಬರುವಾಗ ಒಮ್ಮೆ ಕಣ್ಣಾಡಿಸಿ. ಗಾಡಿ ಓಡಿಸೋರು ಬೇಡ, ಪಕ್ಕದಲ್ಲಿ ಕೂತವರು ನೋಡಿದರೆ ಸಾಕು.

1974, ಜನವರಿ 1

ಎರಡನೇ ಮಹಾಯುದ್ಧ ಮುಗಿದ ಮೇಲೆ ಹೊಲಗಳೆಲ್ಲ ಮನೆಗಳಾದವು. ನೀರು, ಒಳಚರಂಡಿ, ಹೆದ್ದಾರಿ ಇವೆಲ್ಲ ಹಳ್ಳಿಯ ಗಡಿ ನೋಡಿಕೊಂಡು ಹರಿಯುವುದಿಲ್ಲ. ದೊಡ್ಡ ಆಡಳಿತ ಬೇಕು ಅನ್ನೋ ವಾದ ಹುಟ್ಟಿದ್ದು ಅಲ್ಲಿಂದ. ಅದು ಸುಳ್ಳು ವಾದವೂ ಅಲ್ಲ.

1967ರಲ್ಲಿ ಟೊರೊಂಟೊ ಟೌನ್‌ಶಿಪ್‌ನ ಹೊಸ ಹೆಸರಿಗೆ ಮತ ಹಾಕಿಸಿದರು. ಮಿಸಿಸಾಗ ಬೇಕಾ, ಶೆರಿಡನ್ ಬೇಕಾ? ಮಿಸಿಸಾಗ ಗೆದ್ದಿತು. 1968ರಲ್ಲಿ ಟೌನ್‌ಶಿಪ್ಪು ಟೌನ್ ಆಯಿತು. ಸ್ಟ್ರೀಟ್ಸ್‌ವಿಲ್, ಪೋರ್ಟ್ ಕ್ರೆಡಿಟ್ ಅದರ ಹೊಟ್ಟೆಯೊಳಗೆ ಬೇರೆ ಪಟ್ಟಣಗಳಾಗೇ ಉಳಿದವು. 1974ರ ಜನವರಿ 1ರಂದು ಅವೂ ಹೋದವು. ಮೂರೂ ಸೇರಿ ಮಿಸಿಸಾಗ ನಗರವಾಯಿತು. ಅದೇ ದಿನ ಚಿಂಗ್ವಾಕೂಸಿಯ ದಕ್ಷಿಣ ಭಾಗವನ್ನೂ ಟೊರೊಂಟೊ ಗೋರ್ ಟೌನ್‌ಶಿಪ್ಪನ್ನೂ ಬ್ರಾಂಪ್ಟನ್ ನುಂಗಿತು. ಉತ್ತರದ ಉಳಿದ ಟೌನ್‌ಶಿಪ್‌ಗಳನ್ನು ಸೇರಿಸಿ ಕ್ಯಾಲೆಡನ್ ಮಾಡಿದರು. ಇದೆಲ್ಲದರ ಮೇಲೆ ಪೀಲ್ ರೀಜನ್ ಅನ್ನೋ ಛತ್ರಿ ಬಂತು.

ಸ್ಟ್ರೀಟ್ಸ್‌ವಿಲ್‌ನಲ್ಲಿ ಇದನ್ನು ವಿರೋಧಿಸಿದವರ ಮುಂದಾಳು ಆಗಿನ ಮೇಯರ್ ಹೇಜಲ್ ಮೆಕ್‌ಕ್ಯಾಲಿಯನ್. ಆ ಪಟ್ಟಣದ ಕೊನೆಯ ಮೇಯರ್ ಅವರೇ. ಆಮೇಲೆ ಏನಾಯಿತು ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು. 1978ರಲ್ಲಿ ಅವರು ಮಿಸಿಸಾಗದ ಮೇಯರ್ ಆದರು, 2014ರವರೆಗೆ ಆ ಕುರ್ಚಿ ಬಿಡಲಿಲ್ಲ. ತನ್ನ ಊರನ್ನು ನುಂಗಿದ ನಗರವನ್ನೇ ಮೂವತ್ತಾರು ವರ್ಷ ಆಳಿದರು. 2023ರಲ್ಲಿ ಅವರು ತೀರಿಕೊಂಡ ಕೆಲವೇ ತಿಂಗಳಿಗೆ ಪೀಲ್ ರೀಜನ್ ಒಡೆಯುವ ಕಾನೂನು ಬಂತು. ಅದಕ್ಕೆ ಅವರದೇ ಹೆಸರಿಟ್ಟರು. ಆ ವರ್ಷ ಮುಗಿಯುವ ಮೊದಲೇ ಸರ್ಕಾರ ಮನಸ್ಸು ಬದಲಿಸಿ, ಒಡೆಯೋದು ಬೇಡ ಅಂದಿತು.

ಪಕ್ಕದ ಟೊರೊಂಟೊದಲ್ಲೂ ಇದೇ ಕಥೆ. 1997ರಲ್ಲಿ ಆರು ಮುನಿಸಿಪಾಲಿಟಿಗಳ ಜನರನ್ನು ಕೇಳಿದಾಗ ಮತ ಹಾಕಿದವರಲ್ಲಿ ನೂರಕ್ಕೆ 76ರಷ್ಟು ಜನ ವಿಲೀನ ಬೇಡ ಅಂದರು. 1998ರ ಜನವರಿ 1ಕ್ಕೆ ವಿಲೀನ ಆಗೇಹೋಯಿತು. ಸ್ಕಾರ್‌ಬರೊ, ಎಟೋಬಿಕೊ, ನಾರ್ತ್ ಯಾರ್ಕ್ ಈಗ ಕೌನ್ಸಿಲ್ ಇಲ್ಲದ ಹೆಸರುಗಳು. 1996ರಲ್ಲಿ ಒಂಟಾರಿಯೊದಲ್ಲಿ 800ಕ್ಕೂ ಹೆಚ್ಚು ಮುನಿಸಿಪಾಲಿಟಿಗಳಿದ್ದವು. ಈಗ 444.

ಬಯಲಿನ ಚೌಕಗಳು

ಇಷ್ಟು ಓದಿದ ಮೇಲೆ ನನಗೆ ಸಸ್ಕಾಟೂನ್ ನೆನಪಾಯಿತು. ನಾನು ಮಾಸ್ಟರ್ಸ್ ಮಾಡಿದ್ದು ಅಲ್ಲಿ. ಊರಿಂದ ಹತ್ತು ನಿಮಿಷ ಗಾಡಿ ಓಡಿಸಿದರೆ ಒಂದು ಹಸಿರು ಫಲಕ ಬರುತ್ತಿತ್ತು: ರೂರಲ್ ಮುನಿಸಿಪಾಲಿಟಿ ಆಫ್ ಕಾರ್ಮನ್ ಪಾರ್ಕ್, ನಂಬರ್ 344. ನಂಬರ್ ಯಾಕೆ ಅಂತ ಎರಡು ವರ್ಷದಲ್ಲಿ ಒಂದು ದಿನವೂ ಯೋಚಿಸಿರಲಿಲ್ಲ.

ನಂಬರ್ ಬಂದದ್ದು ನಕ್ಷೆಯಿಂದ. 1872ರ ಡೊಮಿನಿಯನ್ ಲ್ಯಾಂಡ್ಸ್ ಕಾಯ್ದೆಯ ಪ್ರಕಾರ ಬಯಲನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಟೌನ್‌ಶಿಪ್‌ಗಳಾಗಿ ಕತ್ತರಿಸಿದರು. ಪ್ರತಿಯೊಂದರಲ್ಲೂ 36 ಸೆಕ್ಷನ್, ಒಂದು ಸೆಕ್ಷನ್‌ಗೆ 640 ಎಕರೆ. ಹತ್ತು ಡಾಲರ್ ಕಟ್ಟಿ ಅರ್ಜಿ ಹಾಕಿದವನಿಗೆ ಅದರ ಕಾಲು ಭಾಗ, 160 ಎಕರೆ. ಅಲ್ಲೂ ಅದು ಮೂಲನಿವಾಸಿಗಳಿಂದ ಒಪ್ಪಂದದ ಮೂಲಕ ತೆಗೆದುಕೊಂಡ ನೆಲವೇ. 1905ರಲ್ಲಿ ಸಸ್ಕಾಚೆವನ್ ಪ್ರಾಂತ್ಯವಾಯಿತು. 1909ರ ಕಾಯ್ದೆಯಲ್ಲಿ ಮೂರು ಸಾಲು, ಮೂರು ಕಂಬ, ಒಟ್ಟು ಒಂಬತ್ತು ಟೌನ್‌ಶಿಪ್ ಸೇರಿಸಿ ಒಂದು ರೂರಲ್ ಮುನಿಸಿಪಾಲಿಟಿ ಮಾಡಿದರು. ಹದಿನೆಂಟು ಮೈಲಿಯ ಒಂದು ಚೌಕ. ಜನ ಬರುವ ಮೊದಲೇ ಸರ್ಕಾರದ ಗಡಿ ಸಿದ್ಧ. ರೈಲು ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಿಲ್ದಾಣಗಳಿಗೆ ಅಕ್ಷರಮಾಲೆಯ ಕ್ರಮದಲ್ಲಿ ಹೆಸರಿಟ್ಟಿತು. ಇವತ್ತಿಗೂ ಸಸ್ಕಾಚೆವನ್‌ನಲ್ಲಿ ಜೀನಾ, ಯಂಗ್, ಜೆಲ್ಮಾ ಅನ್ನೋ ಊರುಗಳು ಸಾಲಾಗಿವೆ. ಇಂಗ್ಲಿಷಿನ ಕೊನೆಯ ಮೂರು ಅಕ್ಷರಗಳು.

ಇಂಥ ಕೃತಕ ಚೌಕದಿಂದ ಏನು ಹುಟ್ಟೀತು ಅನಿಸುತ್ತೆ. ನಿಮ್ಮ ಪರ್ಸ್ ತೆಗೆದು ಹೆಲ್ತ್ ಕಾರ್ಡ್ ನೋಡಿ. ಅದರ ಬೇರು ಅಲ್ಲಿದೆ.

1914ರಲ್ಲಿ ಸಸ್ಕಾಚೆವನ್‌ನ ಹೋಲ್ಡ್‌ಫಾಸ್ಟ್ ಅನ್ನೋ ಹಳ್ಳಿಯ ಡಾಕ್ಟರ್ ಊರು ಬಿಡುವ ಯೋಚನೆಯಲ್ಲಿದ್ದರು. ರೈತರ ಕೈಯಲ್ಲಿ ಫೀಸ್ ಕೊಡೋಕೆ ದುಡ್ಡಿಲ್ಲ, ಡಾಕ್ಟರಿಗೆ ಬದುಕೋಕೆ ಆದಾಯ ಇಲ್ಲ. ಅಲ್ಲಿನ ರೂರಲ್ ಮುನಿಸಿಪಾಲಿಟಿ, ಸಾರ್ನಿಯಾ ಅಂತ ಅದರ ಹೆಸರು, ತೆರಿಗೆ ಹಣದಿಂದ ಅವರಿಗೆ ವರ್ಷಕ್ಕೆ 1,500 ಡಾಲರ್ ಕೊಟ್ಟು ಉಳಿಸಿಕೊಂಡಿತು. ಹಾಗೆ ಮಾಡಲು ಕಾನೂನಿನಲ್ಲಿ ಅವಕಾಶವಿತ್ತಾ? ಇರಲಿಲ್ಲ. 1916ರಲ್ಲಿ ಪ್ರಾಂತ್ಯವೇ ಕಾನೂನು ತಿದ್ದಿ ಎಲ್ಲಾ ಮುನಿಸಿಪಾಲಿಟಿಗಳಿಗೂ ಆ ದಾರಿ ತೆರೆಯಿತು. ಒಂದಾದ ಮೇಲೆ ಒಂದು ಚೌಕ ತನ್ನ ಡಾಕ್ಟರನ್ನು ಇಟ್ಟುಕೊಂಡಿತು. 1946ರಲ್ಲಿ ಸ್ವಿಫ್ಟ್ ಕರೆಂಟ್ ಸುತ್ತಲಿನ ಸ್ಥಳೀಯ ಆಡಳಿತಗಳು ಕೂಡಿ ಎಲ್ಲರಿಗೂ ವೈದ್ಯ ಸೇವೆ ಕೊಡುವ ಯೋಜನೆ ನಡೆಸಿದವು. 1962ರ ಜುಲೈ 1ಕ್ಕೆ ಪ್ರಾಂತ್ಯ ಪೂರ್ತಿ ಮೆಡಿಕೇರ್ ಬಂತು, ಡಾಕ್ಟರುಗಳ ಮುಷ್ಕರದ ನಡುವೆಯೇ. 1966ರಲ್ಲಿ ದೇಶದ ಕಾನೂನಾಯಿತು. 1969ರಲ್ಲಿ ಒಂಟಾರಿಯೊ ಸೇರಿತು.

ಒಟ್ಟಾವದಲ್ಲಿ ಕೂತ ಯಾರಿಗೋ 1914ರಲ್ಲಿ ಈ ಯೋಚನೆ ಬಂದಿರಲಿಲ್ಲ. ಹೋಲ್ಡ್‌ಫಾಸ್ಟ್‌ನ ಕೌನ್ಸಿಲ್ ಸದಸ್ಯನಿಗೆ ಬಂತು. ಡಾಕ್ಟರ್ ಹೋದರೆ ಅವನ ಹೆಂಡತಿಯ ಹೆರಿಗೆಗೂ ಯಾರೂ ಇಲ್ಲ.

ಚಿಕ್ಕದೆಲ್ಲ ಚಂದ ಅಂತ ನಾನು ಹೇಳೋಕೆ ಹೊರಟಿಲ್ಲ. 1930ರ ದಶಕದ ಬರದಲ್ಲಿ ಇದೇ ಮುನಿಸಿಪಾಲಿಟಿಗಳ ಖಜಾನೆ ಬರಿದಾಯಿತು. ಆಮೇಲೆ ಹೊಲಗಳು ದೊಡ್ಡದಾದವು, ಮನೆಗಳು ಕಡಿಮೆಯಾದವು, ಶಾಲೆ ಮುಚ್ಚಿತು. ಕಾರ್ಮನ್ ಪಾರ್ಕ್ ಅನ್ನೋದೇ 1970ರಲ್ಲಿ ಕೋರಿ, ವಾರ್ಮನ್, ಪಾರ್ಕ್ ಅನ್ನೋ ಮೂರು ಚೌಕಗಳನ್ನು ಸೇರಿಸಿ, ಮೂರು ಹೆಸರನ್ನೂ ಅಂಟಿಸಿ ಮಾಡಿದ್ದು. ಪಕ್ಕದ ಮ್ಯಾನಿಟೋಬದಲ್ಲಿ ಸಾವಿರಕ್ಕಿಂತ ಕಡಿಮೆ ಜನ ಇರುವ ಮುನಿಸಿಪಾಲಿಟಿಗಳು ಅಕ್ಕಪಕ್ಕದವರ ಜೊತೆ ಸೇರಲೇಬೇಕು ಅಂತ ಕಾನೂನು ತಂದರು. 2015ಕ್ಕೆ 197 ಇದ್ದದ್ದು 137 ಆಯಿತು. ಸಸ್ಕಾಚೆವನ್ ಮಾತ್ರ ಅಂಥ ಬಲವಂತಕ್ಕೆ ಇಳಿಯಲಿಲ್ಲ. ಅಲ್ಲಿ ಈಗಲೂ 296 ರೂರಲ್ ಮುನಿಸಿಪಾಲಿಟಿಗಳಿವೆ. ಇಡೀ ಪ್ರಾಂತ್ಯದ ಜನಸಂಖ್ಯೆ ಎಷ್ಟು ಗೊತ್ತಾ? 2021ರ ಗಣತಿಯಲ್ಲಿ ಸುಮಾರು 11.3 ಲಕ್ಷ. ಮಿಸಿಸಾಗ, ಬ್ರಾಂಪ್ಟನ್ ಎರಡೇ ಸೇರಿದರೆ ಅದಕ್ಕಿಂತ ಹೆಚ್ಚು.

ನಲ್ಲಿ, ನೀರುಗಂಟಿ, ನಾನೂರು ಜನ

ಈಗ ಅಜ್ಜಿಯ ಊರಿಗೆ ಬರೋಣ.

ಚಿಕ್ಕವನಿದ್ದಾಗ ಬೇಸಿಗೆ ರಜೆಯಲ್ಲಿ ನೋಡಿದ ದೃಶ್ಯ ಇದು. ನಲ್ಲಿಯಲ್ಲಿ ಎರಡು ದಿನದಿಂದ ನೀರು ಬಂದಿರಲಿಲ್ಲ. ಅಜ್ಜಿ ಬೆಳಿಗ್ಗೆ ಬಾಗಿಲಿಗೆ ನೀರು ಹಾಕೋಕೂ ಇಲ್ಲದೆ ಸಿಟ್ಟಾಗಿ, ಸೊಂಟದ ಮೇಲೆ ಖಾಲಿ ಬಿಂದಿಗೆ ಇಟ್ಟುಕೊಂಡು ಪಂಚಾಯ್ತಿ ಮೆಂಬರ್ ಮನೆ ಮುಂದೆ ನಿಂತರು. "ಏನಪ್ಪಾ, ನಿಮ್ಮನೇಲಿ ಮಾತ್ರ ನೀರು ಬರುತ್ತಾ ಹೆಂಗೆ?" ಮೆಂಬರ್ ಹಲ್ಲುಜ್ಜುತ್ತಿದ್ದವರು ಹಾಗೇ ಬಂದರು. ನೀರುಗಂಟಿಗೆ, ಅಂದರೆ ಊರಿಗೆ ನೀರು ಬಿಡುವವನಿಗೆ, ಕೂಗಿ ಹೇಳಿದರು. ಮಧ್ಯಾಹ್ನಕ್ಕೆ ನೀರು ಬಂತು. ಬೋರ್‌ವೆಲ್ ನೀರು, ಉಪ್ಪುಪ್ಪು. ಆದರೂ ಬಂತು.

ಈ ಪಂಚಾಯ್ತಿ ಆಕಾಶದಿಂದ ಬಿದ್ದದ್ದಲ್ಲ. 1983ರ ಕಾಯ್ದೆಯನ್ನು ಮುಂದೆ ನಿಂತು ನಡೆಸಿದವರು ಆಗಿನ ಮಂತ್ರಿ ಅಬ್ದುಲ್ ನಜೀರ್ ಸಾಬ್. ಹಳ್ಳಿಗಳಲ್ಲಿ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನು 'ನೀರ್ ಸಾಬ್' ಅಂತಲೇ ಕರೆದರು. ಆ ಕಾಯ್ದೆಯ ಕೆಳಗೆ 1987ರಲ್ಲಿ ಚುನಾವಣೆ ನಡೆಯಿತು. ಅದರಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿತ್ತು. ಇಡೀ ದೇಶಕ್ಕೆ ಅಂಥ ಮೀಸಲಾತಿ ಬರುವುದಕ್ಕೆ ಕೆಲವು ವರ್ಷ ಮೊದಲೇ. ಈಗ ನಡೆಯುತ್ತಿರುವ ಗ್ರಾಮ ಪಂಚಾಯ್ತಿ 1993ರ ಕಾಯ್ದೆಯದ್ದು. ಅದರ ಲೆಕ್ಕದಲ್ಲಿ ಪ್ರತಿ 400 ಜನಕ್ಕೆ ಒಬ್ಬ ಸದಸ್ಯ.

2007ರಲ್ಲಿ ಬೆಂಗಳೂರಿನ ಸುತ್ತಲಿದ್ದ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ಅಜ್ಜಿಯ ಊರು ಆ 110ರಲ್ಲಿ ಒಂದು. ಪಂಚಾಯ್ತಿ ಹೋಯಿತು, ವಾರ್ಡು ಬಂತು. 198 ವಾರ್ಡುಗಳು. 2011ರ ಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 84 ಲಕ್ಷ.

ಭಾಗಾಕಾರ ಮಾಡಿ ನೋಡಿ. ನನ್ನ ವೃತ್ತಿಯಲ್ಲಿ ನನಗೆ ಬರೋದು ಅದೊಂದೇ. ಮೊದಲು 400 ಜನಕ್ಕೆ ಒಬ್ಬ ಮೆಂಬರ್. ಆಮೇಲೆ ಸುಮಾರು 42,000 ಜನಕ್ಕೆ ಒಬ್ಬ ಕಾರ್ಪೊರೇಟರ್. ಮಿಸಿಸಾಗದಲ್ಲಿ 7.18 ಲಕ್ಷ ಜನಕ್ಕೆ ಹನ್ನೊಂದು ವಾರ್ಡ್, ಅಂದರೆ ಸುಮಾರು 65,000ಕ್ಕೆ ಒಬ್ಬರು. ಬಿಂದಿಗೆ ಹಿಡಿದು ಬಾಗಿಲ ಮುಂದೆ ನಿಲ್ಲೋಕೆ 400ರಲ್ಲಿ ಆಗುತ್ತೆ. 42,000ದಲ್ಲಿ ಮೊದಲು ಆ ಬಾಗಿಲು ಎಲ್ಲಿದೆ ಅಂತ ಹುಡುಕಬೇಕು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಅದಾದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಷ್ಟೂ ಕಾಲ 84 ಲಕ್ಷಕ್ಕೆ ಸೊನ್ನೆ.

ಮತ್ತೆ ನೀರು? ಪಾಲಿಕೆಗೆ ಸೇರಿದರೆ ಕಾವೇರಿ ನೀರು ಬರುತ್ತೆ ಅನ್ನೋದು ಊರಲ್ಲಿ ಎಲ್ಲರ ಆಸೆ. ಈ 110 ಹಳ್ಳಿಗಳಿಗಾಗಿಯೇ ಮಾಡಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ, ಉದ್ಘಾಟನೆ ಆದದ್ದು 2024ರ ಅಕ್ಟೋಬರ್‌ನಲ್ಲಿ. ವಿಲೀನ ಆಗಿ ಹದಿನೇಳು ವರ್ಷ. ಆ ಹದಿನೇಳು ವರ್ಷ ಅಲ್ಲಿ ಓಡಾಡಿದ್ದು ಟ್ಯಾಂಕರ್. ಅಜ್ಜಿ ಕಾವೇರಿ ನೀರು ಕುಡಿಯಲಿಲ್ಲ. ಅದಕ್ಕೆ ನಾಲ್ಕು ವರ್ಷ ಮೊದಲೇ ಹೋದರು.

ಇದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಟ್ಟರೆ ಮೋಸವಾಗುತ್ತೆ. ಮೆಂಬರ್ ಬಾಗಿಲಿಗೆ ಹೋಗಿ ಗದರಿಸುವ ಧೈರ್ಯ ಅಜ್ಜಿಗೆ ಇತ್ತು, ಯಾಕಂದ್ರೆ ನಮ್ಮದು ಜಮೀನಿದ್ದ ಮನೆ. ಊರಾಚೆ ಕೇರಿಯ ಹೆಂಗಸು ಅದೇ ಬಿಂದಿಗೆ ಹಿಡಿದು ನಿಂತಿದ್ದರೆ ಮೆಂಬರ್ ಹಲ್ಲುಜ್ಜುತ್ತಾ ಓಡಿ ಬರುತ್ತಿದ್ದರಾ? ಗೊತ್ತಿರೋರ ಸರ್ಕಾರ ಯಾರಿಗೆ ಗೊತ್ತೋ ಅವರಿಗೆ ಮಾತ್ರ ಒಳ್ಳೇದು. ದೊಡ್ಡ ಆಫೀಸಿನಲ್ಲಿ ಅರ್ಜಿಗೆ ಮುಖವಿಲ್ಲ, ಕೆಲವರಿಗೆ ಅದೇ ಬಿಡುಗಡೆ. ವಿಲೀನದ ಲೆಕ್ಕ ಹಾಕುವಾಗ ಇದನ್ನೂ ಒಂದು ಕಾಲಂನಲ್ಲಿ ಬರೀಬೇಕು.

ಒಂದು ಕಾಲಂ ಹೆಚ್ಚಿಗೆ

2025ರಲ್ಲಿ ಬೃಹತ್ ಪಾಲಿಕೆಯೂ ಹೋಯಿತು. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ಸೇರಿಸೋದು, ಆಮೇಲೆ ಒಡೆಯೋದು. ಪೀಲ್‌ನಲ್ಲೂ ಇದೇ ಮಾತು ನಡೆದದ್ದು ನೋಡಿದಿರಲ್ಲ. ಅಜ್ಜಿಯ ಊರಿಗೆ ಹೊಸ ವಿಳಾಸ ಏನು ಬರುತ್ತೋ, ಅಪ್ಪ ಮತ್ತೆ ಓಡಾಡಬೇಕು.

ಅಪ್ಪನಿಗೆ ಕಾಗದ ಸಿಕ್ಕಿದ್ದು ಕೊನೆಗೆ ಸರ್ವೆ ನಂಬರಿನಿಂದ. ವಾರ್ಡು ಬದಲಾಗುತ್ತೆ, ಪಾಲಿಕೆ ಬದಲಾಗುತ್ತೆ. 33 ಅಡಿ ಸರಪಳಿಯಲ್ಲಿ ಅಳೆದು, ಊರಿನ ಹೆಸರಿನ ಕೆಳಗೆ ಬರೆದಿಟ್ಟ ನಂಬರು ಕಂದಾಯ ದಾಖಲೆಯಲ್ಲಿ ಹಾಗೇ ಇತ್ತು. ಆ ಪುಟದ ಮೇಲೆ ಊರಿನ ಹೆಸರು, ಹೋಬಳಿ, ತಾಲ್ಲೂಕು ಎಲ್ಲ ಸರಿಯಾಗಿತ್ತು. ಅಪ್ಪ ಫೋಟೋ ತೆಗೆದು ಕಳಿಸಿದರು. ಕೆಳಗೆ "ಸಿಕ್ತು" ಅಂತ ಒಂದೇ ಪದ.

ನಾನೂ ನನ್ನ ಕೋಡ್ ತಿದ್ದಿದೆ. ಲೆಕ್ಕಕ್ಕೆ ಮಿಸಿಸಾಗ ಬೇಕು, ಅದು ಇರಲಿ. ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ, ಜನ ತಾವಾಗಿ ಏನು ಬರೆದಿದ್ದರೋ ಅದನ್ನು ಹಾಗೇ ಇಟ್ಟೆ. ಕೆಲಸಕ್ಕೂ ಉಪಯೋಗಕ್ಕೆ ಬಂತು. ಮಾಲ್ಟನ್ ಅಂತ ಬರೆಯುವವರು ಯಾರು, ಮಿಸಿಸಾಗ ಅಂತ ಬರೆಯುವವರು ಯಾರು ಅನ್ನೋದರಲ್ಲೇ ಒಂದು ಕಥೆ ಇರುತ್ತೆ. 1974 ಕಳೆದು ಐವತ್ತು ವರ್ಷ ಆದರೂ ಜನ ಇನ್ನೂ ಸ್ಟ್ರೀಟ್ಸ್‌ವಿಲ್ ಅಂತ ಬರೀತಾರೆ ಅಂದರೆ ಅದು ತಪ್ಪು ಸ್ಪೆಲಿಂಗ್ ಅಲ್ಲ, ಅದೂ ಮಾಹಿತಿಯೇ. ಆ ಕಾಲಂಗೆ ನಾನಿಟ್ಟ ಹೆಸರು 'ಊರು'. ಟೀಮಿನಲ್ಲಿ ಯಾರಿಗೂ ಅರ್ಥ ಆಗಲಿಲ್ಲ, ಆದರೆ ಯಾರೂ ಬದಲಾಯಿಸಲೂ ಇಲ್ಲ.

ನಿಮಗೆ ಎರಡು ಸಣ್ಣ ಕೆಲಸ ಕೊಡ್ತೀನಿ. ಒಂದು, ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೇಳಿ: ನಮ್ಮೂರು ಯಾವ ಹೋಬಳಿ? ಸರ್ವೆ ನಂಬರ್ ಎಷ್ಟು? ಪಂಚಾಯ್ತಿ ಮೆಂಬರ್ ಯಾರಿದ್ದರು? ಬರೆದಿಟ್ಟುಕೊಳ್ಳಿ. ಎರಡು, ಇಲ್ಲಿ ನೀವಿರೋ ಮನೆ 1974ಕ್ಕೆ ಮೊದಲು ಯಾವ ಟೌನ್‌ಶಿಪ್‌ನಲ್ಲಿತ್ತು, ಹತ್ತಿರದ ಹಳ್ಳಿ ಯಾವುದು, ಅದಕ್ಕೂ ಮೊದಲು ಯಾವ ಒಪ್ಪಂದದ ನೆಲ ಅಂತ ಲೈಬ್ರರಿಯಲ್ಲಿ ಕೇಳಿ ನೋಡಿ. ಎರಡೂ ಉತ್ತರ ಸಿಕ್ಕಿದವರು ನಮಗೆ ಕಳಿಸಿ. ಮುಂದಿನ ಸಂಚಿಕೆಯ ಕೊನೆಗೆ ಬರೀ ಊರಿನ ಹೆಸರುಗಳನ್ನು ಓದುವ ಯೋಚನೆ ಇದೆ. ಗೋ ಟ್ರೈನಿನಲ್ಲಿ ಓದ್ತಾರಲ್ಲ, ಹಾಗೆ.